ಅಚ್ಚಿನಲ್ಲಿಲ್ಲದ ಪುಸ್ತಕ ಆನ್‌ಲೈನ್‌ನಲ್ಲಿ ಹುಡುಕೋದು, ಕೊಳ್ಳೋದು

ಸ್ಕ್ರೀನ್ ಮೇಲೆ ಒಂದು ಸಾಲು ಕಾಣ್ತಿದೆ, ಓದ್ತೀನಿ ಕೇಳಿ. "ಹಾರ್ಡ್‌ಕವರ್. ವಿಜಿ/ಜಿ. ಎಕ್ಸ್-ಲೈಬ್ರರಿ. ಅಂಚಿನಲ್ಲಿ ಫಾಕ್ಸಿಂಗ್. ಮಡಿಕೆ ನಕ್ಷೆ ಇಲ್ಲ." ಹಳೇ ಪುಸ್ತಕ ಮಾರುವವರು ಹೀಗೇ ಬರೆಯೋದು. ಆ ಪ್ರತಿಯ ಜಾತಕವೆಲ್ಲ ಈ ಒಂದು ಸಾಲಿನಲ್ಲೇ ಇದೆ. ಇದನ್ನ ಬಿಡಿಸಿ ಓದೋಕೆ ಬರದೆ ಇದ್ರೆ, ನಕ್ಷೆಗೋಸ್ಕರ ಬೇಕಾಗಿದ್ದ ಪುಸ್ತಕ ನಕ್ಷೆ ಇಲ್ಲದೆ ಮನೆಗೆ ಬರುತ್ತೆ. ಸಾಲು ಹಾಗೇ ಇರಲಿ, ಆಮೇಲೆ ಬಿಡಿಸೋಣ.

ಹುಡುಕೋಕೆ ಮುಂಚೆ, ನಮಗೆ ಬೇಕಾಗಿರೋದು ಯಾವುದು ಅಂತ ಖಚಿತ ಮಾಡ್ಕೊಳ್ಳಬೇಕು. ಹೆಸರು ಗೊತ್ತಿದ್ರೆ ಸಾಲದು. ಯಾವ ಆವೃತ್ತಿ, ಯಾವ ಪ್ರಕಾಶಕರು, ಯಾವ ವರ್ಷ, ಎಷ್ಟು ಸಂಪುಟ, ಇಷ್ಟೂ ಬೇಕು. ಇದಕ್ಕೆ ವರ್ಲ್ಡ್‌ಕ್ಯಾಟ್ ನೋಡಿ. ಪ್ರಪಂಚದ ಸಾವಿರಾರು ಗ್ರಂಥಾಲಯಗಳ ಕ್ಯಾಟಲಾಗ್ ಅಲ್ಲಿ ಒಂದೇ ಕಡೆ ಸಿಗುತ್ತೆ, ಪುಕ್ಕಟೆ. ಒಂದು ದಾಖಲೆ ತೆಗೆದ್ರೆ ಕೆಳಗಡೆ ಪುಸ್ತಕದ ಅಳತೆ ಇರುತ್ತೆ: ಮುನ್ನುಡಿಗೆ 12 ಪುಟ, ಪಠ್ಯ 340 ಪುಟ, ಚಿತ್ರಪುಟ 8, ಮಡಿಕೆ ನಕ್ಷೆ 1, ಎತ್ತರ 22 ಸೆಂ.ಮೀ., ಈ ರೀತಿ. ಇದನ್ನ ಚೀಟಿಯಲ್ಲಿ ಬರೆದಿಟ್ಕೊಳ್ಳಿ. ಕೊನೇವರೆಗೂ ಈ ಚೀಟಿ ಕೈಯಲ್ಲಿರಬೇಕು.

ಈಗ ಐಎಸ್‌ಬಿಎನ್, ಅಂದ್ರೆ ಪುಸ್ತಕದ ಒಂದೊಂದು ಆವೃತ್ತಿಗೂ ಕೊಡುವ ಗುರುತಿನ ಸಂಖ್ಯೆ. ಬಹಳ ಜನ ಎಡವೋದು ಇಲ್ಲೇ. ಈ ಸಂಖ್ಯೆ ಅಂತಾರಾಷ್ಟ್ರೀಯ ಮಾನಕ ಆಗಿದ್ದು 1970ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಇದನ್ನ ಹುಡುಕಿ ಪ್ರಯೋಜನ ಇಲ್ಲ. 1960ರ ದಶಕದ ಕೊನೆಯ ಕೆಲವು ಬ್ರಿಟಿಷ್ ಪುಸ್ತಕಗಳಲ್ಲಿ ಒಂಬತ್ತೇ ಅಂಕಿ ಇರುತ್ತೆ. ಮುಂದೊಂದು ಸೊನ್ನೆ ಹಾಕಿದ್ರೆ ಅದೇ ಹತ್ತಂಕಿಯ ಐಎಸ್‌ಬಿಎನ್. 2007ರಿಂದ ಹದಿಮೂರು ಅಂಕಿ ಬಂತು. ಹಳೇ ಹತ್ತಂಕಿಯ ಮುಂದೆ 978 ಅಂಟಿಸಿ ಹುಡುಕಿದ್ರೆ ಸಾಮಾನ್ಯವಾಗಿ ಏನೂ ಸಿಗಲ್ಲ, ಯಾಕಂದ್ರೆ ಕೊನೇ ಅಂಕಿ ತಾಳೆ ನೋಡುವ ಅಂಕಿ, ಲೆಕ್ಕ ಬದಲಾದ ಹಾಗೆ ಅದೂ ಹೆಚ್ಚಾಗಿ ಬದಲಾಗುತ್ತೆ.

ಸ್ಕ್ರೀನ್ ನೋಡಿ: 0306406152. ಕೊನೇ 2 ತೆಗೀರಿ, ಮುಂದೆ 978 ಹಾಕಿ. ಹನ್ನೆರಡು ಅಂಕಿ ಆಯ್ತು. ಮೊದಲನೇದನ್ನ 1ರಿಂದ, ಎರಡನೇದನ್ನ 3ರಿಂದ, ಮತ್ತೆ 1, ಮತ್ತೆ 3, ಹೀಗೆ ಗುಣಿಸ್ತಾ ಹೋಗಿ ಕೂಡಿಸಿ. 93 ಬರುತ್ತೆ. ಮುಂದಿನ ಹತ್ತರ ಗುಣಕ 100, ಅದಕ್ಕೆ 7 ಕಡಿಮೆ. ಹಾಗಾಗಿ ಕೊನೇ ಅಂಕಿ 7, ಪೂರ್ತಿ ಸಂಖ್ಯೆ 9780306406157. ಮೊತ್ತವೇ ಹತ್ತರ ಗುಣಕ ಆಗಿದ್ರೆ ಕೊನೇ ಅಂಕಿ 0. ಇದನ್ನ ಮಾಡಿಕೊಡುವ ಪರಿವರ್ತಕಗಳು ನೆಟ್‌ನಲ್ಲಿ ಬೇಕಾದಷ್ಟಿವೆ. ಆದ್ರೂ ಲೆಕ್ಕ ಗೊತ್ತಿದ್ರೆ ಮಾರುವವರು ಟೈಪ್ ಮಾಡುವಾಗ ಮಾಡಿದ ತಪ್ಪೂ ಕಣ್ಣಿಗೆ ಬೀಳುತ್ತೆ.

ಇನ್ನೊಂದು ವಿಷಯ. ಗಟ್ಟಿ ರಟ್ಟಿನ ಪ್ರತಿಗೊಂದು ಐಎಸ್‌ಬಿಎನ್, ಪೇಪರ್‌ಬ್ಯಾಕ್‌ಗೆ ಬೇರೆ. ಬರೀ ಸಂಖ್ಯೆಯಿಂದ ಹುಡುಕಿದ್ರೆ ಅರ್ಧ ಪ್ರತಿಗಳು ತಪ್ಪಿಹೋಗ್ತವೆ. ಲೇಖಕರ ಕೊನೇ ಹೆಸರು, ಶೀರ್ಷಿಕೆಯಲ್ಲಿ ಬೇರೆಲ್ಲೂ ಬರದಂಥ ಎರಡು ಪದ, ಇಷ್ಟೇ ಹಾಕಿ. ಉಪಶೀರ್ಷಿಕೆ ಬೇಡ. ಅದನ್ನ ಒಬ್ಬರು ಪೂರ್ತಿ ಬರೀತಾರೆ, ಇನ್ನೊಬ್ಬರು ಬಿಟ್ಟೇ ಬಿಡ್ತಾರೆ. ಭಾರತೀಯ ಭಾಷೆಗಳ ಪುಸ್ತಕ ಆದ್ರೆ ಕಾಗುಣಿತದ ಗೊಂದಲ ಬೇರೆ. "ಚರಿತ್ರೆ" ಅನ್ನೋ ಪದವನ್ನ ಗ್ರಂಥಾಲಯದ ರೋಮನ್ ಲಿಪಿಯಲ್ಲಿ ಬರೆಯೋದು "ಸಿ" ಒಂದರಿಂದ, ಮಾರುವವರು ಬರೆಯೋದು "ಸಿ", "ಹೆಚ್" ಎರಡೂ ಸೇರಿಸಿ. ದೀರ್ಘಕ್ಕೆ ಕೆಲವರು ಒಂದು "ಎ", ಕೆಲವರು ಎರಡು. ನಾಲ್ಕೈದು ರೀತಿಯಲ್ಲಿ ಬರೆದು ನೋಡದೆ "ಸಿಗಲಿಲ್ಲ" ಅಂತ ಕೈಬಿಡಬೇಡಿ.

ಎಲ್ಲಿ ಹುಡುಕಬೇಕು? ಬುಕ್‌ಫೈಂಡರ್ ಮತ್ತು ವಯಾಲಿಬ್ರಿ, ಈ ಎರಡೂ ಹಲವು ಮಾರಾಟ ತಾಣಗಳನ್ನ ಒಟ್ಟಿಗೆ ಜಾಲಾಡ್ತವೆ. ಶುರು ಮಾಡೋದು ಇಲ್ಲಿಂದ. ಆಮೇಲೆ ಏಬ್‌ಬುಕ್ಸ್, ಬಿಬ್ಲಿಯೊ, ಆಲಿಬ್ರಿಸ್, ಈಬೇ. ಏಬ್‌ಬುಕ್ಸ್ 2008ರಿಂದ ಅಮೆಜಾನ್ ಒಡೆತನದಲ್ಲಿದೆ. ಒಬ್ಬರೇ ಮಾರುವವರು ಒಂದೇ ಪ್ರತಿಯನ್ನ ಮೂರ್ನಾಲ್ಕು ತಾಣಗಳಲ್ಲಿ ಹಾಕಿರ್ತಾರೆ. ಎಂಟು ಫಲಿತಾಂಶ ಕಂಡ ಮಾತ್ರಕ್ಕೆ ಎಂಟು ಪ್ರತಿ ಇವೆ ಅಂದ್ಕೊಳ್ಳಬೇಡಿ. ವಿವರಣೆ ಅಕ್ಷರಶಃ ಒಂದೇ ಇದ್ರೆ ಪ್ರತಿಯೂ ಒಂದೇ ಇರುವ ಸಾಧ್ಯತೆ ಹೆಚ್ಚು. ಆ ಅಂಗಡಿಗೆ ಸ್ವಂತ ವೆಬ್‌ಸೈಟ್ ಇದೆಯಾ ನೋಡಿ. ಕಮಿಷನ್ ಇಲ್ಲದ ಕಾರಣ ಅದೇ ಪ್ರತಿ ಅಲ್ಲಿ ಕಡಿಮೆಗೆ ಸಿಗಬಹುದು.

ಕೆಲವು ಕಡೆ ಪುಸ್ತಕ ಮಾರುವವರ ಹತ್ರ ಇರೋದೇ ಇಲ್ಲ. 2011ರಲ್ಲಿ ನಡೆದದ್ದು ಕೇಳಿ. ನೊಣದ ಬೆಳವಣಿಗೆ ಕುರಿತ, ಅಚ್ಚಿನಲ್ಲಿಲ್ಲದ ಒಂದು ಜೀವಶಾಸ್ತ್ರ ಪುಸ್ತಕದ ಬೆಲೆ ಅಮೆಜಾನ್‌ನಲ್ಲಿ 2 ಕೋಟಿ 36 ಲಕ್ಷ ಡಾಲರ್ ದಾಟಿತ್ತು. ಜೀವಶಾಸ್ತ್ರಜ್ಞ ಮೈಕಲ್ ಐಸೆನ್ ದಿನಾ ಬೆಲೆ ಗಮನಿಸಿ ಕಾರಣ ಕಂಡುಹಿಡಿದ್ರು. ಮಾರುವವರು ಇಬ್ಬರು. ಒಬ್ಬರ ಸಾಫ್ಟ್‌ವೇರ್ ಬೆಲೆಯನ್ನ ಇನ್ನೊಬ್ಬರ ಬೆಲೆಯ 0.9983 ಪಟ್ಟಿಗೆ ಇಡ್ತಿತ್ತು. ಇನ್ನೊಬ್ಬರದ್ದು ಮೊದಲನೆಯವರ ಬೆಲೆಯ 1.27 ಪಟ್ಟಿಗೆ ಏರಿಸ್ತಿತ್ತು. ದಿನಕ್ಕೊಂದು ಸುತ್ತು, ಹಾಗೇ ಏರ್ತಾ ಹೋಯ್ತು. ಏರಿಸ್ತಿದ್ದವರ ಹತ್ರ ಬಹುಶಃ ಪುಸ್ತಕವೇ ಇರಲಿಲ್ಲ, ಆರ್ಡರ್ ಬಂದ ಮೇಲೆ ಇನ್ನೊಬ್ಬರಿಂದ ಕೊಂಡು ಕಳಿಸುವ ಯೋಚನೆ ಇದ್ದಿರಬೇಕು ಅನ್ನೋದು ಐಸೆನ್ ಊಹೆ.

ಇಂಥದ್ದನ್ನ ಗುರುತಿಸೋದು ಕಷ್ಟ ಅಲ್ಲ. ವಿವರಣೆಯಲ್ಲಿ "ಗೆರೆ ಎಳೆದಿರಬಹುದು, ಹೆಸರು ಬರೆದಿರಬಹುದು" ಅಂತ ಬರೀ "ಬಹುದು"ಗಳೇ ಇರ್ತವೆ. ಸ್ವಂತ ಫೋಟೊ ಇರಲ್ಲ. ಬೆಲೆ ವಿಪರೀತ ಅನ್ನಿಸಿದ್ರೆ ಈಬೇಯಲ್ಲಿ "ಸೋಲ್ಡ್ ಐಟಮ್ಸ್" ಫಿಲ್ಟರ್ ಹಾಕಿ, ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟ ಆಗಿದೆ ಅಂತ ಕಾಣುತ್ತೆ. ಯಾರು ಎಷ್ಟು ಕೇಳ್ತಿದ್ದಾರೆ ಅನ್ನೋದರಿಂದ ಪುಸ್ತಕದ ಬೆಲೆ ತಿಳಿಯಲ್ಲ.

ಇನ್ನೊಂದು ಬಲೆ, ಬೇಡಿಕೆ ಬಂದಾಗ ಅಚ್ಚು ಹಾಕುವ ಪ್ರತಿಗಳು. ನೂರು ವರ್ಷ ಹಿಂದಿನ ಪುಸ್ತಕ "ಹೊಚ್ಚ ಹೊಸದು, ಪೇಪರ್‌ಬ್ಯಾಕ್" ಅಂತ ಕಂಡ್ರೆ ಅದು ಸ್ಕ್ಯಾನ್ ಮಾಡಿ ಮುದ್ರಿಸಿದ್ದು. ಓದೋಕೆ ಮಾತ್ರ ಬೇಕು ಅಂದ್ರೆ ಕೆಲವೊಮ್ಮೆ ಸಾಕಾಗುತ್ತೆ. ಆದ್ರೆ ಮಡಿಕೆ ನಕ್ಷೆಗಳನ್ನ ಬಿಚ್ಚದೆ ಸ್ಕ್ಯಾನ್ ಮಾಡಿದ್ದಕ್ಕೆ ಬರೀ ಮಡಿಕೆಯ ಬೆನ್ನು ಮುದ್ರಣ ಆಗಿರುತ್ತೆ, ಪುಟ ಹಾರಿರುತ್ತೆ, ಅಂಚಿನ ಸಾಲು ಕತ್ತರಿಸಿಹೋಗಿರುತ್ತೆ. ಅದೇ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲೋ ಹಾಥಿಟ್ರಸ್ಟ್‌ನಲ್ಲೋ, ಅಂದ್ರೆ ಆನ್‌ಲೈನ್ ಗ್ರಂಥಾಲಯಗಳಲ್ಲಿ, ಪುಕ್ಕಟೆ ಸಿಗುತ್ತಾ ಅಂತ ಮೊದಲು ನೋಡಿ.

ಈಗ ಆ ಸಾಲಿಗೆ ಬರೋಣ. ವಿಜಿ/ಜಿ. ಗೆರೆಯ ಎಡಕ್ಕಿರೋದು ಪುಸ್ತಕದ ಸ್ಥಿತಿ, ಬಲಕ್ಕಿರೋದು ಮೇಲಿನ ಕಾಗದದ ಜಾಕೆಟ್‌ನದ್ದು. ಅಂದ್ರೆ ಪುಸ್ತಕ ವೆರಿ ಗುಡ್, ಜಾಕೆಟ್ ಗುಡ್. ಬಲಕ್ಕೆ ಬರೀ ಅಡ್ಡಗೆರೆ ಇದ್ರೆ ಜಾಕೆಟ್ ಇಲ್ಲ. ದರ್ಜೆಗಳು ಮೇಲಿಂದ ಕೆಳಕ್ಕೆ: ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್. ಗುಡ್ ಅಂದ್ರೆ ಚೆನ್ನಾಗಿದೆ ಅಂತ ಅಲ್ಲ. ಸವೆದಿದೆ, ಆದ್ರೆ ಪುಟಗಳೆಲ್ಲ ಇವೆ ಅಂತ ಅರ್ಥ. "ರೀಡಿಂಗ್ ಕಾಪಿ" ಅಂದಿದ್ರೆ ಅದಕ್ಕಿಂತಲೂ ಹಾಳಾಗಿದೆ, ಓದೋಕಷ್ಟೇ ಆಗುತ್ತೆ.

ಎಕ್ಸ್-ಲೈಬ್ರರಿ ಅಂದ್ರೆ ಗ್ರಂಥಾಲಯದಿಂದ ಹೊರಬಂದದ್ದು: ಮುದ್ರೆ, ಕಾರ್ಡಿನ ಜೇಬು, ಬೆನ್ನಿನ ಮೇಲೆ ಚೀಟಿ. ಗ್ರಂಥಾಲಯ ತೆಗೆದುಹಾಕಿದೆ ಅನ್ನುವ ಮುದ್ರೆಯೂ ಇದೆಯಾ ಅಂತ ಕೇಳಲೇಬೇಕು. ಇಲ್ಲದಿದ್ರೆ ಪುಸ್ತಕ ಕದ್ದದ್ದೂ ಆಗಿರಬಹುದು. ಎಕ್ಸ್-ಲಿಬ್ರಿಸ್ ಬೇರೆ, ಅದು ಹಿಂದಿನ ಒಡೆಯರು ಒಳರಟ್ಟಿಗೆ ಅಂಟಿಸಿದ ಹೆಸರಿನ ಚೀಟಿ. ಈ ಎರಡನ್ನ ಮಾರುವವರೇ ಅದಲು ಬದಲು ಮಾಡ್ತಾರೆ.

ಫಾಕ್ಸಿಂಗ್ ಅಂದ್ರೆ ಕಾಗದದ ಮೇಲಿನ ಕಂದು ಚುಕ್ಕೆಗಳು. ಓದೋಕೆ ಅಡ್ಡಿ ಇಲ್ಲ. ಬೂಷ್ಟು ಮಾತ್ರ ಬೇರೆ, ಅದು ಪಕ್ಕದ ಪುಸ್ತಕಕ್ಕೂ ಹರಡುತ್ತೆ. "ಮಸ್ಟಿ", ಅಂದ್ರೆ ಬೂಷ್ಟಿನ ವಾಸನೆ, ಅನ್ನೋ ಪದ ಕಂಡ್ರೆ ನನ್ನ ಸಲಹೆ, ಎಷ್ಟೇ ಅಪರೂಪದ್ದಾದ್ರೂ ಎರಡು ಸಲ ಯೋಚಿಸಿ. "ಬ್ರಿಟಲ್" ಅಂದ್ರೆ ಕಾಗದದಲ್ಲಿನ ಆಮ್ಲದಿಂದ ಹಾಳೆ ಹಪ್ಪಳದ ಹಾಗೆ ಆಗಿದೆ, ಮೂಲೆ ಮಡಿಸಿದ್ರೆ ಮುರಿಯುತ್ತೆ. ಹಲವು ಹಳೇ ಪೇಪರ್‌ಬ್ಯಾಕ್‌ಗಳ ಬೆನ್ನಿಗೆ ಹೊಲಿಗೆ ಇರಲ್ಲ, ಬರೀ ಗೋಂದು. ಅದು ಒಣಗಿದ್ರೆ ಮೊದಲ ಸಲ ಅಗಲಿಸಿದಾಗಲೇ ಹಾಳೆ ಉದುರುತ್ತೆ.

ದುಡ್ಡು ಕಟ್ಟುವ ಮುಂಚೆ ಒಂದು ಸಂದೇಶ ಕಳಿಸಿ: ಪುಸ್ತಕ ನಿಮ್ಮ ಕೈಯಲ್ಲೇ ಇದೆಯಾ? ಶೀರ್ಷಿಕೆಪುಟ, ಅದರ ಹಿಂಬದಿ, ಬೆನ್ನು, ಈ ಮೂರರ ಫೋಟೊ ಕಳಿಸ್ತೀರಾ? ಚಿತ್ರಪುಟ ಎಂಟೂ ಇವೆಯಾ, ನಕ್ಷೆ ಇದೆಯಾ? ಹೊಗೆಯ ಅಥವಾ ಬೂಷ್ಟಿನ ವಾಸನೆ ಇದೆಯಾ? ನಿಜವಾದ ಪುಸ್ತಕ ವ್ಯಾಪಾರಿಗಳು ಇದಕ್ಕೆಲ್ಲ ಸಂತೋಷವಾಗಿ ಉತ್ತರ ಕೊಡ್ತಾರೆ. ಶೀರ್ಷಿಕೆಪುಟದ ಹಿಂಬದಿಯಲ್ಲಿ ಹತ್ತರಿಂದ ಒಂದರವರೆಗೆ ಅಂಕಿಗಳ ಸಾಲು ಇದ್ರೆ, ಅದರಲ್ಲಿ ಉಳಿದಿರುವ ಅತಿ ಸಣ್ಣ ಅಂಕಿಯೇ ಸಾಮಾನ್ಯವಾಗಿ ಮುದ್ರಣದ ಸಂಖ್ಯೆ. 3ಕ್ಕೆ ನಿಂತಿದ್ರೆ ಮೂರನೇ ಮುದ್ರಣ, ವಿವರಣೆಯಲ್ಲಿ "ಮೊದಲನೇದು" ಅಂತಿದ್ರೂ ಸರಿ.

ಅಂಚೆ ವೆಚ್ಚದ ಬಗ್ಗೆ ಎಚ್ಚರ. ಏಬ್‌ಬುಕ್ಸ್‌ನಲ್ಲಿ ತೋರಿಸುವ ದರ ಒಂದು ಕಿಲೋ ತೂಕದ ಪುಸ್ತಕಕ್ಕೆ ಹಾಕಿದ ಲೆಕ್ಕ. ಭಾರಿ ಪುಸ್ತಕ ಅಥವಾ ಹಲವು ಸಂಪುಟ ಆದ್ರೆ ಆರ್ಡರ್ ಆದ ಮೇಲೆ ಹೆಚ್ಚುವರಿ ಕೇಳ್ತಾರೆ. ಮೊದಲೇ ಕೇಳಿ. ಹಾಗೇ ಎರಡೂ ಬದಿಗೆ ಗಟ್ಟಿ ರಟ್ಟು, ಪುಸ್ತಕಕ್ಕಿಂತ ಒಂದು ಬೆರಳಷ್ಟು ದೊಡ್ಡದು, ಇಟ್ಟು ಕಟ್ಟೋಕೆ ಹೇಳಿ. ಬರೀ ಗುಳ್ಳೆ ಲಕೋಟೆಯಲ್ಲಿ ಹಾಕಿದ್ರೆ ಮೂಲೆಗಳು ಜಜ್ಜಿಹೋಗ್ತವೆ.

ಸಿಗದಿದ್ರೆ ಏಬ್‌ಬುಕ್ಸ್‌ನ "ವಾಂಟ್ಸ್" ಪಟ್ಟಿಗೆ ಸೇರಿಸಿ, ಈಬೇಯಲ್ಲಿ ಹುಡುಕಾಟ ಸೇವ್ ಮಾಡಿ. ಹೊಸ ಪ್ರತಿ ಬಂದ ದಿನ ಮೇಲ್ ಬರುತ್ತೆ. ಅಲ್ಲಿಯೂ ಎರಡು ಮೂರು ಕಾಗುಣಿತ ಹಾಕಿಡಿ.

ಕಟ್ಟು ಕೈಗೆ ಬಂದಾಗ ಬಿಚ್ಚೋದನ್ನ ವಿಡಿಯೊ ಮಾಡಿ. ಆ ಚೀಟಿ ತೆಗೀರಿ, ಪುಟ ಎಣಿಸಿ, ಚಿತ್ರಪುಟ ಎಣಿಸಿ, ನಕ್ಷೆಯನ್ನ ಮಡಿಕೆ ಹಿಡಿದು ನಿಧಾನವಾಗಿ ಬಿಚ್ಚಿ ಮೂಲೆಯಲ್ಲಿ ಹರಿದಿದೆಯಾ ನೋಡಿ. ವಾಪಸ್ ಕೊಡುವ ಗಡುವು ಮುಗಿಯೋಕೆ ಮುಂಚೆ, ಆ ದಿನವೇ.