ಯೆನ್ನೆಂಗಾಳ ಕುದುರೆ

ನಮಸ್ಕಾರ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ರಾಜಧಾನಿ ವಾಗಡೂಗುವಿನಲ್ಲಿ ಎರಡು ವರ್ಷಕ್ಕೊಮ್ಮೆ ಫೆಸ್ಪಾಕೊ ಚಿತ್ರೋತ್ಸವ ನಡೆಯುತ್ತದೆ. ಅದರ ಅತ್ಯುನ್ನತ ಪ್ರಶಸ್ತಿಯನ್ನು ‘ಆಫ್ರಿಕಾದ ಆಸ್ಕರ್’ ಎಂದು ಕರೆದು ಕೈತೊಳೆದುಕೊಳ್ಳುವ ರೂಢಿಯೊಂದಿದೆ. ಈ ಹೋಲಿಕೆಯ ಬಗ್ಗೆ ನನಗೆ ತಕರಾರಿದೆ. ಆಸ್ಕರ್ ಪುತ್ಥಳಿಯ ಹಿಂದೆ ಯಾವ ಜನಪದದ ಕಥೆಯೂ ಇಲ್ಲ. ವಾಗಡೂಗುವಿನ ಪ್ರಶಸ್ತಿಯಾದರೋ ಕಥೆಯಿಂದಲೇ ಹುಟ್ಟಿದ್ದು. ಮುಂಗಾಲೆತ್ತಿ ನಿಂತ ಕುದುರೆ, ಅದರ ಮೇಲೆ ಈಟಿ ಹಿಡಿದು ಕೂತ ಹೆಣ್ಣು: ಇದು ‘ಎತಾಲೋನ್ ದ ಯೆನ್ನೆಂಗಾ’, ಅಂದರೆ ಯೆನ್ನೆಂಗಾಳ ಗಂಡುಕುದುರೆ.

ಯೆನ್ನೆಂಗಾ ಈಗಿನ ಉತ್ತರ ಘಾನಾದ ಗಂಬಾಗಾದಲ್ಲಿ ಆಳುತ್ತಿದ್ದ ದಗೊಂಬಾ ಅರಸ ನೆದೆಗಾನ ಮಗಳು. ಅವಳ ಕಾಲವನ್ನು ಕೆಲವರು 11ನೇ ಶತಮಾನವೆಂದರೆ ಕೆಲವರು 15ನೆಯದೆನ್ನುತ್ತಾರೆ. ಬಾಯಿಂದ ಬಾಯಿಗೆ ಬಂದ ಕಥೆಗೆ ತಾರೀಖು ಹಚ್ಚುವುದು ಸುಲಭವಲ್ಲ. ಕುದುರೆ ಸವಾರಿಯಲ್ಲೂ ಯುದ್ಧದಲ್ಲೂ ಗಂಡಸರನ್ನು ಮೀರಿಸಿದ ಈ ಮಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದ ತಂದೆ, ಅವಳ ಮದುವೆಯ ಮಾತೆತ್ತಿದವರನ್ನೆಲ್ಲ ಹಿಂದಕ್ಕೆ ಕಳಿಸಿದ. ಆಗ ಅವಳು ಜಗಳಕ್ಕೆ ನಿಲ್ಲಲಿಲ್ಲ. ಒಂದು ಹೊಲ ಬಿತ್ತಿದಳು. ಕೆಲವರು ಅದನ್ನು ಧಾನ್ಯದ ಹೊಲವೆನ್ನುತ್ತಾರೆ, ಇನ್ನು ಕೆಲವರು ಬೆಂಡೆಯ ಹೊಲವೆನ್ನುತ್ತಾರೆ. ನನಗೆ ಬೆಂಡೆಯೇ ಇಷ್ಟ, ಯಾಕೆಂದರೆ ಎರಡು ದಿನ ತಡವಾಗಿ ಕೊಯ್ದ ಬೆಂಡೆಕಾಯಿಯನ್ನು ಹೆಚ್ಚಲು ಕೂತವರಿಗೆ, ನಾರು ಕಟ್ಟಿ ಈಳಿಗೆಗೂ ಬಗ್ಗದ ಆ ಕಾಯಿ ಏನು ಹೇಳುತ್ತಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಫಸಲು ಬಲಿತು ಕೊಳೆತರೂ ಯೆನ್ನೆಂಗಾ ಕೊಯ್ಲು ಮಾಡಲಿಲ್ಲ. ತಂದೆ ಕಾರಣ ಕೇಳಿದಾಗ, ನನ್ನನ್ನು ನೀವು ಹೀಗೇ ಬಿಟ್ಟಿದ್ದೀರಿ ಎಂದಳು. ಅರಸನಿಗೆ ಅರ್ಥವಾಯಿತು, ಆದರೆ ಅವನು ಮಾಡಿದ್ದು ಮಗಳನ್ನು ಸೆರೆಯಲ್ಲಿಡುವ ಕೆಲಸ.

ಅವಳು ಗಂಡುವೇಷ ತೊಟ್ಟು ಕುದುರೆಯೇರಿ ಪಾರಾದಳು. ಉತ್ತರದ ಕಾಡಿನಲ್ಲಿ ಆನೆ ಬೇಟೆಗಾರ ರಿಯಾಲೆ ಸಿಕ್ಕಿದ. ಇಬ್ಬರಿಗೂ ಹುಟ್ಟಿದ ಮಗನಿಗೆ ‘ವೆದ್ರಾವೊಗೊ’ ಎಂದು ಹೆಸರಿಟ್ಟರು. ಬುರ್ಕಿನಾದ ಮೊಸ್ಸಿ ಜನರ ಮೋರೆ ಭಾಷೆಯಲ್ಲಿ ಹಾಗೆಂದರೆ ಗಂಡುಕುದುರೆ. ಅಜ್ಜನ ಹೆಸರೂ ಅಲ್ಲ, ಅಪ್ಪನ ಹೆಸರೂ ಅಲ್ಲ, ತಾಯಿಯನ್ನು ಸೆರೆಯಿಂದ ದೂರ ಹೊತ್ತು ತಂದ ಪ್ರಾಣಿಯ ಹೆಸರು. ಮೊಸ್ಸಿ ಜನ ತಮ್ಮ ರಾಜ್ಯಗಳ ಮೂಲವನ್ನು ಈ ಮಗುವಿನಲ್ಲಿ ಕಾಣುತ್ತಾರೆ. ಇಂದಿಗೂ ವೆದ್ರಾವೊಗೊ ಎಂಬುದು ಬುರ್ಕಿನಾದಲ್ಲಿ ಹೆಜ್ಜೆಗೊಬ್ಬರಿಗಿರುವ ಮನೆತನದ ಹೆಸರು. 1991ರಲ್ಲಿ ‘ತಿಲಾಯಿ’ ಚಿತ್ರಕ್ಕಾಗಿ ಇದ್ರಿಸ್ಸಾ ವೆದ್ರಾವೊಗೊ ಈ ಪ್ರಶಸ್ತಿ ಪಡೆದಾಗ, ಕುದುರೆಯನ್ನು ಕುದುರೆಗೇ ಕೊಟ್ಟ ಹಾಗಾಯಿತು.

ಸಿನಿಮಾಕ್ಕೂ ಈ ಹೊಲಕ್ಕೂ ಏನು ಸಂಬಂಧ? ಫ್ರೆಂಚ್ ವಸಾಹತುಗಳಲ್ಲಿ ಚಿತ್ರೀಕರಣ ಮಾಡಬೇಕಾದರೆ ಆಡಳಿತದ ಅನುಮತಿ ಬೇಕೆಂದು 1934ರ ಲಾವಾಲ್ ಆಜ್ಞೆ ವಿಧಿಸಿತ್ತು. ಆಫ್ರಿಕಾದ ಚಿತ್ರನಿರ್ದೇಶಕ ಪೌಲಿನ್ ವಿಯೆರಾ ಮತ್ತು ಗೆಳೆಯರು ತಮ್ಮ ನೆಲದಲ್ಲಿ ಕ್ಯಾಮೆರಾ ಹಿಡಿಯಲಾಗದೆ 1955ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರ ಮಾಡಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೂ ಚಿತ್ರಮಂದಿರಗಳು ಎರಡು ಫ್ರೆಂಚ್ ಕಂಪನಿಗಳ ಹಿಡಿತದಲ್ಲೇ ಇದ್ದುದರಿಂದ, ಆಫ್ರಿಕನ್ನರು ತೆಗೆದ ಚಿತ್ರಗಳು ಆಫ್ರಿಕನ್ನರ ಕಣ್ಣಿಗೇ ಬೀಳುತ್ತಿರಲಿಲ್ಲ. ಬೆಳೆ ಬಂದಿತ್ತು, ಕೊಯ್ಯುವ ಹಕ್ಕು ಬೇರೆಯವರದಾಗಿತ್ತು. 1969ರಲ್ಲಿ ವಾಗಡೂಗುವಿನ ಸಿನಿಮಾಪ್ರಿಯರು ಕೆಲವರು ಸೇರಿ ಆಫ್ರಿಕಾದ ಚಿತ್ರಗಳನ್ನು ಊರ ಜನರಿಗೆ ತೋರಿಸಿದ್ದು, ಮರುವರ್ಷ ಸರ್ಕಾರ ಚಿತ್ರಮಂದಿರಗಳನ್ನು ರಾಷ್ಟ್ರೀಕರಣಗೊಳಿಸಿದ್ದು, 1972ರಲ್ಲಿ ನೈಜರ್‌ನ ಊಮರೂ ಗಾಂಡಾ ಅವರಿಗೆ ಮೊದಲ ಕುದುರೆ ಸಂದದ್ದು, ಇವೆಲ್ಲ ಒಂದೇ ಎಳೆಯ ಘಟನೆಗಳು. ಅದಕ್ಕೇ ಇಲ್ಲಿ ಗೆಲ್ಲುವುದಕ್ಕೆ ಬೇರೆಯೇ ತೂಕವಿದೆ. ಚಿತ್ರೋತ್ಸವದ ದಿನಗಳಲ್ಲಿ ನಿರ್ದೇಶಕರು ಕೈಕೈ ಹಿಡಿದು, ಅಲ್ಲಿನ ಚೌಕದಲ್ಲಿರುವ ಸಿನಿಮಾ ಕರ್ಮಿಗಳ ಸ್ಮಾರಕವನ್ನು ಸುತ್ತುತ್ತಾರೆ, ತೀರಿಕೊಂಡವರಿಗಾಗಿ ನೆಲಕ್ಕೆ ತರ್ಪಣ ಬಿಡುತ್ತಾರೆ.

ಹಾಗೆಂದು ಈ ಕುದುರೆ ನಿಷ್ಕಳಂಕವೆಂದು ನಾನು ಹೇಳಲಾರೆ. ಬುರ್ಕಿನಾದಲ್ಲಿ ಅರವತ್ತರ ಆಸುಪಾಸಿನಷ್ಟು ಸಮುದಾಯಗಳಿವೆ, ಮೊಸ್ಸಿಗಳು ಅವುಗಳಲ್ಲಿ ದೊಡ್ಡವರು. ಮೊಸ್ಸಿ ಅಶ್ವದಳದ ದಾಳಿ ಅನುಭವಿಸಿದ ನೆರೆಯ ಜನರ ನೆನಪಿನಲ್ಲಿ ಗೊರಸಿನ ಸದ್ದು ಬಿಡುಗಡೆಯ ಸದ್ದಾಗಿರಲಿಕ್ಕಿಲ್ಲ. ಒಂದು ಜನಾಂಗದ ಮೂಲಕಥೆಯನ್ನು ಇಡೀ ಖಂಡದ ಲಾಂಛನ ಮಾಡುವಾಗ ಈ ಅಳುಕು ಇರಲೇಬೇಕು.

ಆದರೆ ನನ್ನ ದೊಡ್ಡ ಆಕ್ಷೇಪ ಬೇರೆ. 1972ರಿಂದ 2025ರವರೆಗೆ 27 ಬಾರಿ ಈ ಪ್ರಶಸ್ತಿ ಕೊಟ್ಟಿದ್ದಾರೆ. ಮಾಲಿಯ ಸುಲೇಮಾನ್ ಸಿಸ್ಸೆ ಮತ್ತು ಸೆನೆಗಲ್ ಮೂಲದ ಅಲೇನ್ ಗೋಮಿಸ್ ಎರಡೆರಡು ಸಲ ಗೆದ್ದಿದ್ದಾರೆ. ಒಬ್ಬ ನಿರ್ದೇಶಕಿಯೂ ಗೆದ್ದಿಲ್ಲ. 1969ರ ಮೊದಲ ಉತ್ಸವದ ಸಮಿತಿಯನ್ನು ನಡೆಸಿದವರು ಅಲಿಮತಾ ಸಲಂಬೆರೆ ಎಂಬ ಮಹಿಳೆ ಎಂಬುದನ್ನು ನೆನೆದರೆ ಇದು ಇನ್ನಷ್ಟು ಚುಚ್ಚುತ್ತದೆ. ನಿರ್ದೇಶಕಿಯರ ಸಂಖ್ಯೆಯೇ ಕಡಿಮೆ ಎಂಬ ಸಮಜಾಯಿಷಿ ಒಂದು ಕಾಲಕ್ಕೆ ನಿಂತೀತು. ಈಗ ಹೆಂಗಸರ ಚಿತ್ರಗಳು ಸ್ಪರ್ಧೆಯ ಪಟ್ಟಿಯಲ್ಲೇ ಇರುವಾಗ ನಿಲ್ಲುವುದಿಲ್ಲ. ಹೆಣ್ಣನ್ನು ಪುತ್ಥಳಿಯ ಮೇಲೆ ಕೂರಿಸಿ ಆ ಪುತ್ಥಳಿಯನ್ನು ಪ್ರತಿ ಬಾರಿಯೂ ಗಂಡಿನ ಕೈಗೆ ಕೊಡುವ ತೀರ್ಪುಗಾರರು ಕಥೆಯಲ್ಲಿ ಯಾರ ಪಕ್ಕ ನಿಂತಿದ್ದಾರೆ, ಮಗಳ ಪಕ್ಕವೋ, ನೆದೆಗಾನ ಪಕ್ಕವೋ?

2023ರ ಫಲಿತಾಂಶವನ್ನೇ ನೋಡಿ. ಬುರ್ಕಿನಾದ ನಿರ್ದೇಶಕಿ ಅಪೊಲಿನ್ ತ್ರವೊರೆ ‘ಸಿರಾ’ ಎಂಬ ಚಿತ್ರ ತಂದಿದ್ದರು. ಉಗ್ರರು ಹೊತ್ತೊಯ್ದ ಹೆಣ್ಣೊಬ್ಬಳು ಮರಳುಗಾಡಿನಲ್ಲಿ ಬದುಕುಳಿದು ತಿರುಗಿ ಬೀಳುವ ಕಥೆ ಅದು. ತಮ್ಮದೇ ದೇಶದಲ್ಲಿ ಚಿತ್ರೀಕರಿಸುವುದು ಅಪಾಯಕಾರಿಯಾಗಿದ್ದರಿಂದ ಅವರು ತಂಡ ಕಟ್ಟಿಕೊಂಡು ಮೌರಿಟೇನಿಯಾಕ್ಕೆ ಹೋಗಿದ್ದರು. ಆ ವರ್ಷ ಕಂಚಿನ ಕುದುರೆ ಕೀನ್ಯಾದ ಆಂಜೆಲಾ ವಂಜಿಕು ವಮಾಯಿ ಅವರಿಗೆ, ಬೆಳ್ಳಿಯ ಕುದುರೆ ತ್ರವೊರೆ ಅವರಿಗೆ ಹೋಯಿತು. ಚಿನ್ನದ್ದು, ಅಂದರೆ ಆ ಅತ್ಯುನ್ನತ ಪ್ರಶಸ್ತಿ, ಟುನೀಶಿಯಾದ ಯೂಸೆಫ್ ಶೆಬ್ಬಿ ಅವರ ಪಾಲಾಯಿತು.