ಸೆನ್ಸೆಕ್ಸ್ ಏರಿದರೆ ನರಸಾಪುರದ ಹುಡುಗನಿಗೇನು?

ನಮಸ್ಕಾರ, ಕೋಲಾರದಿಂದ ಮತ್ತೆ ನಾನೇ. ಮಧ್ಯೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ. ಇದು ಸ್ಟುಡಿಯೋ ಅಲ್ಲ, ಅಡುಗೆಮನೆ ಪಕ್ಕದ ರೂಮು.

ಹೋದ ವಿಡಿಯೋದಲ್ಲಿ ನಮ್ಮ ಕಡೆ ಹುಡುಗರಿಗೆ ಕೆಲಸ ಇಲ್ಲ, ಸಿಕ್ಕರೂ ಸಂಬಳ ಸಾಲಲ್ಲ ಅಂದಿದ್ದೆ. ಕೆಳಗೆ ಒಬ್ಬರು ಬರೆದಿದ್ದಾರೆ: "ಸೆನ್ಸೆಕ್ಸ್ 80 ಸಾವಿರ ದಾಟಿದೆ ಸಾರ್, ಸುಮ್ನೆ ಅಳಬೇಡಿ." ಜೊತೆಗೆ ಮೂರು ರಾಕೆಟ್ ಚಿತ್ರ. ಆ ರಾಕೆಟ್ ನೋಡಿ ನನಗೆ ಊಟ ಸೇರಲಿಲ್ಲ. ಸರಿ, ಸುಳ್ಳು. ಮುದ್ದೆ, ಬಸ್ಸಾರು ಎರಡೂ ಹೊಡೆದೆ, ಆದರೆ ಸಿಟ್ಟಲ್ಲೇ ನುಂಗಿದೆ.

ನೋಡಿ, ಸೆನ್ಸೆಕ್ಸ್ ಅಂದ್ರೆ ಮುಂಬೈ ಶೇರು ಮಾರುಕಟ್ಟೆಯ 30 ದೊಡ್ಡ ಕಂಪನಿಗಳ ಶೇರು ಬೆಲೆ ಎಲ್ಲಿದೆ ಅಂತ ತೋರಿಸೋ ಒಂದು ಅಂಕಿ. ಅಷ್ಟೇ. ನಮ್ಮ ಎಂ.ಬಿ. ರಸ್ತೆಯ ಗ್ಯಾರೇಜು, ಟೈಲರ್ ಅಂಗಡಿ, ಬೇಕರಿ ಯಾವುದೂ ಅದರಲ್ಲಿಲ್ಲ. ಆ 30 ಕಂಪನಿ ಮುಂದೆ ಎಷ್ಟು ಲಾಭ ಮಾಡಬಹುದು ಅನ್ನೋ ಅಂದಾಜಿನ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಲಾಭ, ಸಂಬಳ ಅಲ್ಲ. ಸಂಬಳ ಅವರ ಲೆಕ್ಕದಲ್ಲಿ ಖರ್ಚು. ಎಷ್ಟೋ ಸಲ ಜನರನ್ನು ಮನೆಗೆ ಕಳಿಸುತ್ತೇವೆ ಅಂತ ಕಂಪನಿ ಹೇಳಿದ ದಿನವೇ ಶೇರು ಏರುತ್ತದೆ, ಯಾಕಂದ್ರೆ ಖರ್ಚು ಇಳಿಯಿತು ಅಂತ ಖುಷಿ.

ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ. ಕೇಂದ್ರ ಸರ್ಕಾರದ 2024-25ರ ಆರ್ಥಿಕ ಸಮೀಕ್ಷೆಯನ್ನೇ ತೆಗೆದು ನೋಡಿ. 2023-24ರಲ್ಲಿ ಕಂಪನಿಗಳ ಲಾಭ ಶೇಕಡಾ 22.3 ಏರಿತು, ಕೆಲಸಗಾರರ ಸಂಖ್ಯೆ ಏರಿದ್ದು ಶೇಕಡಾ 1.5. ಇದಕ್ಕೂ ಮೂರು ರಾಕೆಟ್ ಹಾಕ್ತೀರಾ?

ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ. 2023ರ ಜುಲೈ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2 ಸಾವಿರ ದಾಟಿತು. ಟಿವಿಯವರೆಲ್ಲ ಬಂದು ಹರಾಜು ತೋರಿಸಿದರು. ಬಾಕ್ಸ್ ಹೊತ್ತು ಲಾರಿಗೆ ತುಂಬೋ ಹಮಾಲಿಗೆ ಅವತ್ತು ಯಾರಾದರೂ ಹತ್ತು ಪಟ್ಟು ಕೂಲಿ ಕೊಟ್ಟರಾ? ಹೊರೋ ಭಾರ ಅಷ್ಟೇ, ಕೂಲಿ ಅಷ್ಟೇ. ಏರಿದ್ದು ಟೊಮೆಟೊ, ಅವನಲ್ಲ. (ಈ ಮಾತು ಇಷ್ಟ ಆದ್ರೆ ಸಬ್‌ಸ್ಕ್ರೈಬ್ ಮಾಡಿ, ಇದನ್ನ ಯೋಚಿಸೋಕೆ ನನಗೆ ಎರಡು ದಿನ ಬೇಕಾಯಿತು.)

ಇನ್ನೊಂದು. ಕೊರೋನಾ ಶುರುವಾದ 2020ರ ಮಾರ್ಚ್‌ನಲ್ಲಿ ಸೆನ್ಸೆಕ್ಸ್ 26 ಸಾವಿರಕ್ಕಿಂತ ಕೆಳಗೆ ಬಿತ್ತು. 2021ರ ಜನವರಿಗೆ 50 ಸಾವಿರ ಮುಟ್ಟಿತು. ಅದಕ್ಕೆ ತಿಂಗಳ ಹಿಂದೆ, ಡಿಸೆಂಬರ್‌ನಲ್ಲಿ, ಇಲ್ಲೇ ನಮ್ಮ ಕೋಲಾರದ ಹತ್ತಿರ ನರಸಾಪುರದ ಐಫೋನ್ ಫ್ಯಾಕ್ಟರಿಯಲ್ಲಿ ಸಂಬಳ ಸರಿಯಾಗಿ ಬರ್ತಿಲ್ಲ ಅಂತ ಹುಡುಗರು ಗಾಜು ಒಡೆದರು. ಗಾಜು ಒಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ, ಕಾಮೆಂಟಲ್ಲಿ ಶುರು ಮಾಡಬೇಡಿ. ಆದರೆ ಮುಂಬೈಯಲ್ಲಿ ಪಟಾಕಿ, ಇಲ್ಲಿ ಪೊಲೀಸ್ ವ್ಯಾನು, ಎರಡೂ ಒಂದೇ ಚಳಿಗಾಲದಲ್ಲಿ ಆಯಿತಲ್ಲ? ಮಾರ್ಕೆಟ್ ನೋಡೋದು ಲಾಭವನ್ನ ಸ್ವಾಮಿ, ಲಾಭವನ್ನ!

"ಹಾಗಾದ್ರೆ ನೀವೂ ಎಸ್‌ಐಪಿ ಹಾಕಿ" ಅಂತಾರೆ, ಅಂದ್ರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಕಟ್ಟೋ ಕಂತು. ಹಾಕಿದೀನಪ್ಪಾ, ತಿಂಗಳಿಗೆ ಸಾವಿರ. ನಗಬೇಡಿ. ದೇಶದಲ್ಲಿ ತಿಂಗಳಿಗೆ 20 ಸಾವಿರ ಕೋಟಿಗೂ ಜಾಸ್ತಿ ಹೀಗೇ ಮಾರ್ಕೆಟ್‌ಗೆ ಹೋಗುತ್ತೆ, ಅದೂ ಶೇರನ್ನ ಮೇಲೆ ತಳ್ಳುತ್ತೆ. ನಮ್ಮೂರಲ್ಲಿ ಒಬ್ಬನಿಗೆ ಕೆಲಸ ಸಿಕ್ಕಿತಾ ಅಂತ ಆ ದುಡ್ಡು ಕೇಳಲ್ಲ. ಸಂಬಳದಲ್ಲಿ ಏನೂ ಉಳಿಯದವನು ಯಾವುದರಿಂದ ಹಾಕೋದು, ಪೆಟ್ರೋಲ್ ದುಡ್ಡಿಂದಲಾ?

ನನ್ನ ಅಕ್ಕನ ಮಗ ಐಟಿಐ ಮುಗಿಸಿ ಏಜೆನ್ಸಿ ಕಡೆಯಿಂದ ಕೆಲಸಕ್ಕೆ ಹೋಗ್ತಾನೆ. ಮೂರು ವರ್ಷದಲ್ಲಿ ನಾಲ್ಕನೇ ಐಡಿ ಕಾರ್ಡು. ಹಳೇ ಮೂರನ್ನೂ ಬೈಕ್ ಕೀಗೆ ನೇತು ಹಾಕಿದ್ದಾನೆ. ಮೊನ್ನೆ "ಮಾಮ, ಆಪ್ಷನ್ ಟ್ರೇಡಿಂಗ್ ಕಲೀಲಾ?" ಅಂದ. ಶೇರು ಬೆಲೆ ಏರುತ್ತೋ ಇಳಿಯುತ್ತೋ ಅಂತ ಪಂಥ ಕಟ್ಟಿದ ಹಾಗೆ ಅದು. ಆ ಥರದ ಟ್ರೇಡಿಂಗಲ್ಲಿ ನೂರಕ್ಕೆ 93 ಜನ ಕಳ್ಕೊಂಡಿದ್ದಾರೆ ಅಂತ ಶೇರು ಮಾರುಕಟ್ಟೆ ಮೇಲೆ ಕಣ್ಣಿಡೋ ಸೆಬಿಯೇ 2024ರಲ್ಲಿ ಹೇಳಿದೆ ಕಣೋ ಅಂದೆ. "ಉಳಿದ ಏಳರಲ್ಲಿ ನಾನಿರಬಹುದು" ಅಂದ. ಏನು ಹೇಳೋದು ಹೇಳಿ.

ಬರ್ಕೊಂಡಿದ್ದು ಇನ್ನೂ ಎರಡು ಪಾಯಿಂಟ್ ಇತ್ತು, ಚೀಟಿ ಎಲ್ಲೋ ಹೋಯಿತು. ಬಿಡಿ. ರಾಕೆಟ್ ಅಣ್ಣಾ, ಒಂದು ದಿನ ಬೆಳಗ್ಗೆ ಆರಕ್ಕೆ ಹೈವೇಗೆ ಬನ್ನಿ, ಕಂಪನಿ ಬಸ್ಸಿಗೆ ಕಾಯೋರ ಮುಂದೆ ನಿಂತು ಆ 80 ಸಾವಿರದ ವಿಷಯ ಹೇಳಿ. ಟೀ ನಾನು ಕೊಡಿಸ್ತೀನಿ.