ರೋಮಾ ಪಿಟೀಲಿನ ಸಂಗೀತ ಯಾರದ್ದು?

ನಮಸ್ಕಾರ. ಹಂಗೇರಿಯ ರೋಮಾ (ಜಿಪ್ಸಿ ಅಂತ ಕರೆಯುತ್ತಿದ್ದ ಜನ) ಕಲಾವಿದರ ಪಿಟೀಲು ಕೇಳಿದ್ದೀರಾ? ಕರ್ನಾಟಕ ಸಂಗೀತದ ರೂಢಿ ಇದ್ದವರಿಗೆ ತಕ್ಷಣ ಅನ್ನಿಸುತ್ತದೆ, ಇದು ಸಿಂಹೇಂದ್ರಮಧ್ಯಮ ರಾಗ ಅಲ್ವಾ ಅಂತ. ಅವರು ಜಾಸ್ತಿ ಬಳಸುವ ಒಂದು ಸ್ವರಶ್ರೇಣಿಯ ಸ್ವರಸ್ಥಾನಗಳು ನಿಜಕ್ಕೂ ಅವೇ.

ಆದರೆ ಅಷ್ಟಕ್ಕೇ "ಇದು ನಮ್ಮದು" ಅನ್ನಬೇಡಿ. ರೋಮಾ ಜನರ ಪೂರ್ವಜರು ಸುಮಾರು ಸಾವಿರ ವರ್ಷದ ಹಿಂದೆ ಭಾರತ ಬಿಟ್ಟವರು, ಅವರ ಭಾಷೆಯಲ್ಲಿ ನೀರು ಇವತ್ತಿಗೂ "ಪಾನಿ", ಎಲ್ಲ ಸರಿ. ಆದರೆ ಗ-ಮ ಸ್ವರಗಳ ನಡುವೆ ಅಷ್ಟು ದೊಡ್ಡ ಜಿಗಿತ ಇರುವ ಶ್ರೇಣಿಗಳು ಬಾಲ್ಕನ್ ಸಂಗೀತದಲ್ಲೂ ಯಹೂದಿ ಸಂಗೀತದಲ್ಲೂ ಇವೆ.

(ತೆರೆಯ ಮೇಲೆ: ಪಿಟೀಲಿನ ಮೇಲೆ ಎಡಗೈ, ನಿಧಾನಗತಿಯಲ್ಲಿ)

ಈ ಬೆರಳು ನೋಡಿ. ತಂಡದ ಮುಖ್ಯ ಪಿಟೀಲುವಾದಕನಿಗೆ ಅಲ್ಲಿ ಪ್ರೀಮಾಶ್ ಅನ್ನುತ್ತಾರೆ. ಹಾಡಿನಲ್ಲಿ ಒಂದೇ ಒಂದು ಉದ್ದ ಸ್ವರ ಇದೆ ಅಂದುಕೊಳ್ಳಿ. ಆತ ಅದಕ್ಕೆ ಕೆಳಗಿನಿಂದ ಜಾರಿಕೊಂಡು ಬರುತ್ತಾನೆ, ಅಲ್ಲೇ ಸುತ್ತು ಹಾಕುತ್ತಾನೆ, ನಡುಗಿಸುತ್ತಾನೆ, ಆಮೇಲೆ ಮುಂದಿನ ಸ್ವರ ಸಿಗುವ ಮೊದಲು ಸರ್ರನೆ ಒಂದು ಸಾಲು ಸ್ವರಗಳನ್ನು ಸುರಿದುಬಿಡುತ್ತಾನೆ, ತಾಳ ಅಲ್ಲಿ ಸುಮ್ನೆ ಕಾಯಬೇಕು. ನಮ್ಮಲ್ಲಿ ಗಮಕ, ಅಂದರೆ ಸ್ವರವನ್ನು ಹೀಗೆ ಜಾರಿಸುವುದು, ನಡುಗಿಸುವುದು, ತೆಗೆದರೆ ರಾಗವೇ ಉಳಿಯುವುದಿಲ್ಲ. ಅಲ್ಲಿ ಹಾಡು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಹೇಗೆ ಅಲಂಕರಿಸಬೇಕು ಅನ್ನುವುದು ಆ ಹೊತ್ತಿಗೆ ವಾದಕನದೇ ತೀರ್ಮಾನ.

ಈ ಸಂಗೀತ ಯಾರದ್ದು ಅನ್ನುವ ಜಗಳ ಹುಟ್ಟಿದ್ದೂ ಇಲ್ಲೇ. 1859ರ ತನ್ನ ಪುಸ್ತಕದಲ್ಲಿ ಹಂಗೇರಿ ಮೂಲದ ಸಂಗೀತ ಸಂಯೋಜಕ ಫ್ರಾಂಟ್ಸ್ ಲಿಸ್ಟ್ ಇದು ರೋಮಾಗಳದ್ದೇ ಅಂದ. ಹಂಗೇರಿಯಲ್ಲಿ ದೊಡ್ಡ ಗಲಾಟೆಯಾಯಿತು. 1931ರಲ್ಲಿ ಹಂಗೇರಿಯ ಇನ್ನೊಬ್ಬ ಸಂಯೋಜಕ ಬೇಲಾ ಬಾರ್ಟೋಕ್ ಅದಕ್ಕೆ ತದ್ವಿರುದ್ಧ ಹೇಳಿದ: ಹಾಡು ಬರೆದವರು ಹಂಗೇರಿಯನ್ನರು, ರೋಮಾಗಳು ನುಡಿಸುವವರು ಮಾತ್ರ.

ಹಳ್ಳಿ ಹಳ್ಳಿ ತಿರುಗಿ ಹಾಡು ಸಂಗ್ರಹಿಸಿದ ಬಾರ್ಟೋಕ್ ಮಾತನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಎಷ್ಟೋ ಹಾಡುಗಳ ವಿಷಯದಲ್ಲಿ ಅದು ನಿಜ. ಆದರೆ "ನುಡಿಸುವವರು ಮಾತ್ರ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜನ ಹಣ ಕೊಟ್ಟು ಕೇಳಿದ್ದು ಆ ಬೆರಳಿನ ಕೆಲಸವನ್ನೇ ಅಲ್ವಾ? ಬಾಲಕ ಲಿಸ್ಟ್ ಮನಸೋತಿದ್ದು ಯಾನೋಶ್ ಬಿಹಾರಿ ಅನ್ನುವ ರೋಮಾ ವಾದಕನ ಪಿಟೀಲಿಗೆ.

ಇನ್ನೊಂದು ವಿಷಯ. ಅಲ್ಲಿನ ಹೋಟೆಲುಗಳಲ್ಲಿ ಕೇಳುವುದೇ ರೋಮಾ ಸಂಗೀತ ಅಂದುಕೊಳ್ಳಬೇಡಿ. ಹಂಗೇರಿಯ ರೋಮಾಗಳಲ್ಲೇ ಒಂದು ಗುಂಪಾದ ವ್ಲಾಖ್ ರೋಮಾಗಳು ತಮ್ಮ ನಡುವೆ ತಮ್ಮ ಭಾಷೆಯಲ್ಲೇ ಹಾಡುವಾಗ ಸಾಂಪ್ರದಾಯಿಕವಾಗಿ ಪಿಟೀಲೇ ಇರುವುದಿಲ್ಲ. ನೀರಿನ ಕ್ಯಾನ್ ಬಡಿಯುತ್ತಾರೆ, ಚಮಚ ತಟ್ಟುತ್ತಾರೆ, ಬಾಯಲ್ಲೇ ತಾಳ ಹಾಕುತ್ತಾರೆ. ಲಿಸ್ಟ್-ಬಾರ್ಟೋಕ್ ಜಗಳದಲ್ಲಿ ಈ ಹಾಡುಗಳಿಗೆ ಸಿಕ್ಕ ಜಾಗ ತೀರಾ ಕಡಿಮೆ. ಬಿಹಾರಿಗಂತೂ ಸ್ವರಲಿಪಿಯೇ ಬರುತ್ತಿರಲಿಲ್ಲ, ಅವನು ಕಟ್ಟಿದ್ದನ್ನು ಕಾಗದಕ್ಕೆ ಇಳಿಸಿದವರು ಬೇರೆಯವರು. ಬರೆದಿಟ್ಟವನೇ ಒಡೆಯ ಅಂದರೆ, ಅವನ ಪಾಲಿಗೆ ಏನು ಉಳಿಯುತ್ತದೆ?